ಲೆಕ್ಕಕ್ಕೆ ಸಿಗದ ವಿದ್ಯಾರ್ಥಿಗಳು

ಯುರೋಪಿನ ಧರ್ಮಸುಧಾರಣೆಯ ಚರಿತ್ರೆಯನ್ನು ಲೂಥರನಿಂದಲೇ ಆರಂಭಿಸುವುದು ವಾಡಿಕೆ. ಅವನಿಗೂ ಮುಂಚೆ ಹೀಬ್ರೂ ಕಲಿತು, ಯಹೂದಿಗಳ ಗ್ರಂಥಗಳನ್ನು ಸುಡಬಾರದೆಂದು ಚಕ್ರವರ್ತಿಗೇ ಬರೆದುಕೊಟ್ಟ ಜರ್ಮನಿಯ ನ್ಯಾಯವಾದಿ ರಾಯ್ಖ್ಲಿನ್‌ನ ಕಡೆಗೆ ನಮ್ಮ ಗಮನ ಸೆಳೆದವರು ಡಾ. ಸುಜಾತಾ ಲೋಬೊ. ಉಡುಪಿ ಸೀಮೆಯಿಂದ ಬಂದು, ನ್ಯೂಜೆರ್ಸಿಯ ಸಣ್ಣ ಕಾಲೇಜೊಂದರಲ್ಲಿ ಜೀವಮಾನವಿಡೀ ಹೀಬ್ರೂ, ಸಿರಿಯಾಕ್ ಭಾಷೆಗಳನ್ನು ಕಲಿಸಿದ ಅವರ ಪಕ್ಕದ ಕೋಣೆಯಲ್ಲಿ ಇತಿಹಾಸದ ಅಧ್ಯಾಪಕನಾಗಿ ದುಡಿದದ್ದು ನನ್ನ ಪುಣ್ಯ.

ಅರ್ಥ ಕೇಳುವ ಮುನ್ನ ಸಾಲನ್ನು ಗಟ್ಟಿಯಾಗಿ ಓದಬೇಕೆಂಬುದು ಅವರ ತರಗತಿಯ ಕಟ್ಟಳೆ. ತಪ್ಪಿದರೆ ಗದರುತ್ತಿರಲಿಲ್ಲ, ಮತ್ತೆ ಮೊದಲಿಂದ ಓದಿಸುತ್ತಿದ್ದರು, ಗದರಿದ್ದರೇ ವಾಸಿಯಿತ್ತು. ಬ್ರಿಡ್ಜ್‌ವಾಟರ್‌ನ ನಿವೃತ್ತ ಎಂಜಿನಿಯರ್ ಕೇಶವಮೂರ್ತಿಯವರು ಇಳಿವಯಸ್ಸಿನಲ್ಲಿ ಹೀಬ್ರೂ ಕಲಿಯಹೊರಟು, ನಡುವೆ ಕಾಲು ಮುರಿದುಕೊಂಡಾಗ, ಈಕೆ ಸ್ನೋ ಬೀಳುವ ದಿನಗಳಲ್ಲೂ ಈಸ್ಟ್ ಬ್ರನ್ಸ್‌ವಿಕ್‌ನಿಂದ ಡ್ರೈವ್ ಮಾಡಿಕೊಂಡು ಅವರ ಮನೆಗೇ ಹೋಗಿ ಪಾಠ ಹೇಳಿದರು. ಅವರ ಪತ್ನಿ ಅನಸೂಯಮ್ಮನವರು ಕಾಫಿ ತಂದರೆ ಅದೂ ಪಾಠ ಮುಗಿದ ಮೇಲೆಯೇ.

ಕಳೆದ ವರ್ಷ, ಸಾಕಷ್ಟು ವಿದ್ಯಾರ್ಥಿಗಳು ಸೇರದಿದ್ದರೆ ಹೀಬ್ರೂ ತರಗತಿಯನ್ನೇ ಮುಚ್ಚುವುದಾಗಿ ಕಾಲೇಜು ತಿಳಿಸಿತು. ಕೇಶವಮೂರ್ತಿಯವರು ದೇವಸ್ಥಾನದ ಗೆಳೆಯರನ್ನೆಲ್ಲ ಒಪ್ಪಿಸಿದರು. ಆದರೆ ನಮ್ಮವರು ಪುಕ್ಕಟೆ ಸಿಕ್ಕಿದ್ದನ್ನು ಬಿಟ್ಟಾರೆಯೇ? ಹಿರಿಯ ನಾಗರಿಕರು ಫೀಸಿಲ್ಲದೆ ಕುಳಿತು ಕೇಳಬಹುದೆಂದು ತಿಳಿದು ಎಲ್ಲರೂ ಹಾಗೆಯೇ ಸೇರಿಕೊಂಡರು. ಹಾಗೆ ಸೇರಿದವರು ವಿದ್ಯಾರ್ಥಿಗಳ ಲೆಕ್ಕಕ್ಕೆ ಬರುವುದಿಲ್ಲವೆಂಬುದನ್ನು ಯಾರೂ ವಿಚಾರಿಸಲಿಲ್ಲ. ಮೊದಲ ದಿನ ಕೋಣೆ ತುಂಬಿತ್ತು. ಆ ವಾರವೇ ತರಗತಿ ರದ್ದಾಯಿತು. ಅದರ ಬೆನ್ನಿಗೇ ಸುಜಾತಾ ಅವರ ನಿವೃತ್ತಿ. ಇದನ್ನು ಬರೆಯುವಾಗಲೂ ನನಗೆ ಸಂಕಟವಾಗುತ್ತದೆ.

"ಗೊತ್ತಿದ್ರೆ ಫೀಸ್ ಕಟ್ಟಿಬಿಡ್ತಿದ್ವಿ ಮೇಡಂ," ಎಂದು ಕೇಶವಮೂರ್ತಿಯವರು ನನ್ನೆದುರಿಗೇ ಕಣ್ಣೀರು ಹಾಕಿದರು.

"ಪುಸ್ತಕ ಸುಡ್ಲಿಕ್ಕೆ ಹೊರಟ್ರೆ ಅಡ್ಡ ಬರುವವರು ಒಬ್ಬರಾದ್ರೂ ಇರ್ತಾರೆ. ಕ್ಲಾಸ್ ಕ್ಯಾನ್ಸಲ್ ಮಾಡಿದ್ರೆ ಯಾರಿಗೂ ಗೊತ್ತೇ ಆಗುದಿಲ್ಲ," ಎಂದರು ಸುಜಾತಾ. ಬಳಿಕ ಪುಸ್ತಕ ತೆರೆದು, ಕೇಶವಮೂರ್ತಿಯವರು ಹಿಂದಿನ ವಾರ ತಪ್ಪಿದ ಸಾಲನ್ನು ಮತ್ತೆ ಓದಿಸಿದರು.

ಈಗ ಶನಿವಾರಗಳಂದು ಈಸ್ಟ್ ಬ್ರನ್ಸ್‌ವಿಕ್‌ನ ಅವರ ಮನೆಯಲ್ಲಿ ಪಾಠ ನಡೆಯುತ್ತದೆ. ಗೆಳೆಯರೆಲ್ಲ ಒಬ್ಬೊಬ್ಬರಾಗಿ ಬಿಟ್ಟಿದ್ದಾರೆ. ಉಳಿದವರು ಕೇಶವಮೂರ್ತಿಯವರೊಬ್ಬರೇ, ಅವರೋ ಗುರುವಿಗಿಂತ ಬಹಳ ಹಿರಿಯರು. ನಮ್ಮ ಸುಜಾತಾ ಅವರಿಗೆ ಭಗವಂತ ಆಯುರಾರೋಗ್ಯಗಳನ್ನು ಕರುಣಿಸಲಿ, ರಾಯ್ಖ್ಲಿನ್‌ನ ಮೇಲಿನ ಅವರ ಕೆಲಸ ಮುಂದುವರಿಯಲಿ. ಅವರಿಗಿಂತ ಕಿರಿಯರಾದ ಒಬ್ಬ ಶಿಷ್ಯರಾದರೂ ಆ ಮನೆಯ ಬಾಗಿಲು ತಟ್ಟಲಿ.