ತಣಿದ ಬಾಯ್ಲರಿನ ಸ್ಪ್ರಿಂಗು

ಪುತ್ತೂರಿನ ಕುಚ್ಚಲಕ್ಕಿ ಮಿಲ್ಲಿನಲ್ಲಿ ಅಣ್ಣ ಬಾಯ್ಲರ್ ನೋಡಿಕೊಳ್ಳುತ್ತಿದ್ದ ಕಾಲ. ಅಲ್ಲಿ ರಿಪೇರಿಗೆ ಕೈಹಾಕುವ ಮೊದಲು ಒಂದು ಕ್ರಮವಿತ್ತು. ಬೆಂಕಿ ಹೊರಗೆಳೆದು, ಆವಿ ಬಿಟ್ಟು, ಬಾಯ್ಲರಿನ ಮೈಮೇಲೆ ಒಂದು ಚೆಂಬು ನೀರು ಹೊಯ್ಯುವುದು. ನೀರು ಚುಯ್ ಅನ್ನದಿದ್ದರೆ ಬಾಯ್ಲರ್ ಸತ್ತ ಹಾಗೆ. ಎಲ್ಲಿ ಬೇಕಾದರೂ ಸ್ಪ್ಯಾನರ್ ಹಾಕಬಹುದು. ಬಿಸಿಯ ಮಟ್ಟಿಗೆ ಇದು ಒಳ್ಳೆಯ ಪರೀಕ್ಷೆ, ಒಪ್ಪುತ್ತೇನೆ. ಸ್ಪ್ರಿಂಗಿಗೂ ನೀರಿಗೂ ಏನು ಸಂಬಂಧ?

ಆ ಮಧ್ಯಾಹ್ನ ನಾನು ಬುತ್ತಿ ಹಿಡಿದು ಹೋದಾಗ ಉಳಿದವರು ಊಟಕ್ಕೆ ಹೋಗಿದ್ದರು. ಅಣ್ಣ ಬಾಯ್ಲರ್ ಹತ್ತಿ, ಹಿಂದಿನ ದಿನ ಆವಿ ಸೋರಿದ್ದ ಸೇಫ್ಟಿ ವಾಲ್ವಿನ ಮೇಲೆ ನೀರು ಹೊಯ್ದು, ಅದನ್ನು ಬಿಚ್ಚಲು ಕುಳಿತಿದ್ದ. ಮೊಳದುದ್ದದ ಸ್ಪ್ರಿಂಗನ್ನು ಒಂದು ಕಬ್ಬಿಣದ ಪಟ್ಟಿ ಅದುಮಿ ಹಿಡಿದಿತ್ತು. ಪಟ್ಟಿಯನ್ನು ಎರಡು ಬೋಲ್ಟುಗಳು.

"ಅದರ ಬಿಗಿ ಇಳಿಸಿದ್ದೀಯಾ?" ಎಂದೆ.

"ಆವಿಯೇ ಇಲ್ಲ. ಇನ್ನೆಂತ ಬಿಗಿ?"

"ಅದನ್ನು ಅದುಮಿದ್ದು ಆವಿಯಲ್ಲ, ಬೋಲ್ಟು. ಆವಿ ಹೋದ ಕೂಡಲೇ ಬೋಲ್ಟೂ ಹೋಯಿತಾ?"

"ಶುರುವಾಯ್ತು ಭಾಷಣ. ಚರ್ಚಾಸ್ಪರ್ಧೆಯಲ್ಲಿ ಬೆಳಿಗ್ಗೆ ಆ ಪಕ್ಷ, ಮಧ್ಯಾಹ್ನ ಈ ಪಕ್ಷ, ಎರಡಕ್ಕೂ ಬಹುಮಾನ ತರುವವ ಅಲ್ವಾ ನೀನು!" ಅನ್ನುತ್ತಲೇ ಒಂದು ನಟ್ಟು ಪೂರ್ತಿ ತೆಗೆದ.

ಪಟ್ಟಿ ಧಡ್ಡೆಂದು ಆ ಬದಿಗೆ ಎದ್ದಿತು. ಇನ್ನೊಂದು ಬೋಲ್ಟು ಕಿರುಗುಟ್ಟಿತು. ಅಣ್ಣ ಪಕ್ಕದಲ್ಲಿದ್ದ ಕಬ್ಬಿಣದ ಸಲಾಕೆಯ ತುದಿಯನ್ನು ಪೈಪಿನಡಿ ತುರುಕಿ, ಪಟ್ಟಿಯ ಮೇಲೆ ಅಡ್ಡ ಹಾಕಿ, ಎದೆಯೂರಿ ಒತ್ತಿದ. ಬಿಟ್ಟರೆ ಸಲಾಕೆ, ಪಟ್ಟಿ, ಸ್ಪ್ರಿಂಗು ಎಲ್ಲವೂ ಬರುವುದು ಅವನ ಮುಖಕ್ಕೆ. ನಾನೂ ಮೇಲೆ ಬಿದ್ದು ಒತ್ತಿದೆ. ಪಟ್ಟಿ ತಗ್ಗಲಿಲ್ಲ; ಸಲಾಕೆ ಜಾರತೊಡಗಿತು.

"ಎಂತಾದ್ರೂ ಮಾಡು ಮಾರಾಯ," ಎಂದ.

ಗೇಟಿನೆದುರು ಸುಳ್ಯದ ಬಸ್ಸು ನಿಂತಿತ್ತು. ಅಣ್ಣನೊಬ್ಬನನ್ನೇ ಬಿಟ್ಟು ಓಡಿದೆ. ಬಾಯಿಗೆ ಬಂದದ್ದು "ಜಾಕ್, ಜಾಕ್" ಎಂಬುದಷ್ಟೇ.

"ನಿಮಗೆ ಜಾಕ್ ಯಾಕೆ ಮಾರಾಯ್ರೆ? ಕಾರುಂಟಾ?" ಡ್ರೈವರ್ ನಕ್ಕರು.

"ಅಣ್ಣ ಸಾಯ್ತಾನೆ."

ಮತ್ತೆ ಕೇಳಲಿಲ್ಲ. ಸ್ಕ್ರೂ ಜಾಕ್ ಎತ್ತಿಕೊಂಡು ನನಗಿಂತ ಮುಂದೆ ಓಡಿದರು.

ಪಟ್ಟಿಯ ಮೇಲೆ ಜಾಕ್ ನಿಲ್ಲಿಸಿ, ಅದಕ್ಕೂ ತಲೆಯ ಮೇಲಿನ ಮಾಡಿನ ಕಬ್ಬಿಣದ ತೊಲೆಗೂ ನಡುವೆ ಮರದ ತುಂಡು ಕೊಟ್ಟೆವು. ಡ್ರೈವರ್ ಜಾಕ್ ಏರಿಸಿದಂತೆ ಪಟ್ಟಿ ತಗ್ಗಿತು. ಮರ ಚಟ್ಟೆಂದಿತು. ಉಳಿದ ನಟ್ಟು ತೆಗೆದೆ. ಆಮೇಲೆ ಅವರು ಜಾಕನ್ನು ತುಸುತುಸುವೇ ಇಳಿಸಿದರು. ಸ್ಪ್ರಿಂಗು ನಿಧಾನಕ್ಕೆ ಉದ್ದವಾಗುತ್ತಾ ಬಂದು, ಕೊನೆಗೆ ಸುಮ್ಮನಾಯಿತು.

"ಅಣ್ಣ, ಬಿಡು. ಸಡಿಲಾಯ್ತು."

ಅವನು ಅಲುಗಲಿಲ್ಲ. "ನೋಡಿ ಹೇಳುದಾ, ವಾದಕ್ಕೆ ಹೇಳುದಾ?"

ಅವನ ಕಣ್ಣೆದುರೇ ಸ್ಪ್ರಿಂಗಿಗೆ ಕೈಯಿಟ್ಟು ಗೊಡಗೊಡ ಅಲ್ಲಾಡಿಸಿದೆ. ಅವನು ನೋಡಿದ. ಬಿಡುವ ಮನಸ್ಸು ಅವನಿಗೂ ಇತ್ತು, ಬೆರಳುಗಳು ಬಿಡಲಿಲ್ಲ. ನಾನೂ ಡ್ರೈವರೂ ಅವನ್ನು ಒಂದೊಂದಾಗಿ ಸಲಾಕೆಯಿಂದ ಬಿಡಿಸಿದೆವು. ಹೊರಗೆ ಬಸ್ಸಿನ ಜನ ಹಾರ್ನ್ ಒತ್ತುತ್ತಲೇ ಇದ್ದರು.