ಟಿಬ್ಬಿ ಹ್ಯಾನೆ ಬಿಟ್ಟುಬಂದ ಕುರಿಗಳು

ಟಿಬ್ಬಿ ಹ್ಯಾನೆ ಮದುವೆಯಾಗಿ ಲಗ್‌ಮೋರ್‌ನ ಒಂಟಿ ಮನೆಗೆ ಹೊರಟಾಗ ಕೆಳಗಿನ ಊರಿನ ಹೆಂಗಸರು ಬಾಯಿಗೆ ಕೈ ಅಡ್ಡ ಹಿಡಿಯದೆಯೇ ನಕ್ಕಿದ್ದರು. ರೊಟ್ಟಿ ಅಂಗಡಿಯವನ ಮಗಳು, ಬಿಸಿ ಒಲೆಯ ಪಕ್ಕದಲ್ಲೇ ಬೆಳೆದವಳು. ಗ್ಯಾಲೋವೇ ಸೀಮೆಯ ಆ ಬೋಳುಗುಡ್ಡದ ಮೇಲೆ ಒಂದು ಚಳಿಗಾಲ ತಡೆದರೆ ದೊಡ್ಡದು ಎಂಬುದು ಎಲ್ಲರ ಲೆಕ್ಕಾಚಾರ. ಅವಳು ತಡೆದಳು. ಮಕ್ಕಳಾಗಲಿಲ್ಲ. ಗಂಡ ಕ್ವಿಂಟಿನ್ ಹೆಚ್ಚು ಮಾತಾಡುವವನಲ್ಲ. ಆದರೂ ಹೊರಗಿನಿಂದ ಬಂದ ಕೂಡಲೇ ಬೂಟು ಬಿಚ್ಚುವ ಮೊದಲು ಅವಳ ಮುಖ ನೋಡುತ್ತಿದ್ದ. ಅವಳಿಗೆ ಅಷ್ಟು ಸಾಕಾಗಿತ್ತು.

ಕ್ವಿಂಟಿನ್ ಹುಟ್ಟಿದ್ದೂ ಅದೇ ಮನೆಯಲ್ಲಿ. ಅವನಪ್ಪ ಕಾದ ಗುಡ್ಡವನ್ನೇ ಅವನೂ ಕಾಯುತ್ತಿದ್ದ. ಕುರಿಗಳು ಅವನವಲ್ಲ, ಡ್ರಮ್‌ಗೆಲ್ಲಿಯವು. ಅದು ಜಮೀನಿನ ಹೆಸರು. ಜನ ಒಡೆಯನನ್ನೂ ಅದೇ ಹೆಸರಿನಿಂದ ಕರೆಯುತ್ತಿದ್ದರು. ಆದರೆ ಯಾವ ಕುರಿಯ ತಾಯಿ ಯಾವುದು, ಅದರ ಅಜ್ಜಿ ಎಲ್ಲಿ ಮೇಯುತ್ತಿತ್ತು ಎಂಬುದು ಗೊತ್ತಿದ್ದದ್ದು ಕ್ವಿಂಟಿನ್‌ಗೆ.

ಯುದ್ಧ ಮುಗಿದ ಮೇಲಿನ ಎರಡನೆಯ ಚಳಿಗಾಲ, ನಲವತ್ತೇಳನೆಯ ಇಸವಿ. ಜನವರಿಯ ಕೊನೆಗೆ ಮೂಡಲ ಗಾಳಿ ಎದ್ದಿತು. ಹಿಮ ಬಿದ್ದದ್ದು ಕರಗಲಿಲ್ಲ, ಅದರ ಮೇಲೆ ಮತ್ತೆ ಬಿತ್ತು. ಕಲ್ಲಿನ ಪೌಳಿಗಳು ಮುಳುಗಿದವು, ದಾರಿ ಮುಳುಗಿತು, ಒಲೆಗೆಂದು ಜೌಗಿನಿಂದ ಕಡಿದು ಮನೆಯ ಹಿಂದೆ ಒಟ್ಟಿದ್ದ ಪೀಟ್ ಹೆಂಟೆಗಳ ರಾಶಿಯೂ ಮುಳುಗಿತು. ಕ್ವಿಂಟಿನ್ ದಿನವೂ ಬೆಳಕು ಹರಿಯುತ್ತಲೇ ಸಲಿಕೆ ಹಿಡಿದು ಹೋಗಿ ಹೂತುಹೋದ ಕುರಿಗಳನ್ನು ಅಗೆದು ತೆಗೆಯುತ್ತಿದ್ದ. ಮೈಮೇಲಿನ ಬಟ್ಟೆ ಹಲಗೆಯಂತೆ ಸೆಟೆದುಕೊಂಡು ಮನೆಗೆ ಬರುತ್ತಿದ್ದ. ಒಂದು ದಿನ ಹೊಸ್ತಿಲಲ್ಲೇ ಕುಸಿದ. ಉಸಿರು ಎಳೆದರೆ ಪಕ್ಕೆಯಲ್ಲಿ ಚೂರಿ ಆಡಿಸಿದಂತಾಗುತ್ತಿತ್ತು. ಕೆಮ್ಮಿದರೆ ತುಕ್ಕಿನ ಬಣ್ಣದ ಕಫ.

"ಮೇಲಿನ ಪೌಳಿ ಹತ್ರ ನೋಡಿದ್ಯಾ?" ಹಾಸಿಗೆಯಲ್ಲಿ ಬಿದ್ದುಕೊಂಡೇ ಕೇಳಿದ.

"ಪೌಳಿ ಎಲ್ಲಿದೆ ಅಂತ್ಲೇ ಕಾಣಲ್ಲ ಕಣೋ. ಸುಮ್ನೆ ಮಲಕ್ಕೋ."

"ಅವು ಗಬ್ಬದಲ್ಲಿವೆ ಟಿಬ್ಬಿ. ನಾನು ಸತ್ರೆ ಸಾಯ್ತೀನಿ. ಹೋಗಿ ಅಗಿ."

"ನಿನ್ ಬಾಯಿಗೆ ಮಣ್ಣು ಹಾಕ. ಸಾಯೋ ಮಾತಾಡ್ಬೇಡ."

ಆದರೂ ಹೋದಳು. ಮನೆಯ ಹತ್ತಿರದ ಇಳಿಜಾರಿನಲ್ಲಿ ನಾಯಿ ನೆಲ್ ತೋರಿಸಿದ ಕಡೆಯಲ್ಲೆಲ್ಲ ಅಗೆದಳು. ಕೆಲವು ಬದುಕಿದ್ದವು. ಹಿಂದಿರುಗಿ ಬಂದು ಕೋಳಿಗೂಡು ಒಡೆದು ಒಲೆಗೆ ಹಾಕಿದಳು. ಅದು ಮುಗಿದ ಮೇಲೆ ತಾನು ತವರಿನಿಂದ ತಂದಿದ್ದ ಮರದ ಪೆಟ್ಟಿಗೆಯನ್ನು ಕೊಡಲಿಯಿಂದ ಸೀಳಿದಳು. ಓಟ್ಸ್ ಹಿಟ್ಟು ಡಬ್ಬಿಯ ತಳ ಮುಟ್ಟಿತ್ತು. ಗಂಡ ಈಗ ಅವಳನ್ನು ಗುರುತಿಸುತ್ತಿರಲಿಲ್ಲ. ಸತ್ತುಹೋದ ಅಪ್ಪನ ಜೊತೆ ಕುರಿಗಳ ವಿಷಯ ಮಾತಾಡುತ್ತಿದ್ದ.

ಡಾಕ್ಟರು ಎರಡು ಕಣಿವೆ ಆಚೆ. ಅಲ್ಲಿಗೆ ಹೋಗುವ ಮಾತೇ ಇಲ್ಲ. ಗುಡ್ಡದ ಬೆನ್ನು ದಾಟಿದರೆ ರಾಬ್ ಹೆರನ್‌ನ ಮನೆ, ಅವನೂ ಕುರಿಗಾಹಿ. ಅವನ ಹೆಂಡತಿ ಜೆಸಿಗೆ ಹಿಂದಿನ ಶರತ್ಕಾಲದಲ್ಲಿ ಹೀಗೆಯೇ ನ್ಯುಮೋನಿಯಾ ಆಗಿತ್ತು. ಡಾಕ್ಟರು ಕೊಟ್ಟ ಮಾತ್ರೆ ಒಂದಿಷ್ಟು ಮಿಕ್ಕಿವೆ ಎಂದು ಜೆಸಿ ಹೇಳಿದ್ದು ಟಿಬ್ಬಿಗೆ ನೆನಪಾಯಿತು. ಅವಳು ಗಂಡನನ್ನು ದುಪ್ಪಟಿ ಸುತ್ತಿ ಮಂಚಕ್ಕೆ ಕಟ್ಟಿದಳು, ಎದ್ದು ಕುರಿ ಹುಡುಕಿಕೊಂಡು ಹೊರಟಾನು ಎಂಬ ಭಯ. ಬಿಡಿಸಿಟ್ಟ ಒಂದು ಕೈಗೆ ಎಟುಕುವಲ್ಲಿ ನೀರಿಟ್ಟಳು. ಸಲಿಕೆ ಭಾರವೆಂದು ಅದನ್ನು ಬಿಟ್ಟು ಗಂಡನ ಕೊಕ್ಕೆಗೋಲನ್ನಷ್ಟೇ ಹಿಡಿದು, ನೆಲ್‌ಳನ್ನು ಕರೆದುಕೊಂಡು ಬೆಳಗಾಗುತ್ತಲೇ ಹೊರಟಳು.

ಮೇಲಿನ ಪೌಳಿ ಇರಬೇಕಾದ ಜಾಗದಲ್ಲಿ ನೆಲ್ ನಿಂತಳು. ಮೂತಿ ತಗ್ಗಿಸಿ ಕುಂಯ್‌ಗುಟ್ಟುತ್ತ ಕೆರೆಯತೊಡಗಿದಳು. ಹಿಮದಲ್ಲೊಂದು ಸಣ್ಣ ತೂತು, ಅದರ ಅಂಚು ಹಳದಿಗಟ್ಟಿತ್ತು. ಒಳಗಿನಿಂದ ಉಸಿರಾಡಿದ ಗುರುತು. ಟಿಬ್ಬಿ ಕೋಲು ಚುಚ್ಚಿದಳು, ಮೆತ್ತಗೆ ತಾಗಿತು. ಅಷ್ಟು ದೂರ ಸರಿದು ಚುಚ್ಚಿದಳು, ಅಲ್ಲೂ ಮೆತ್ತಗೆ. ಪೌಳಿಯ ಮರೆಯ ಉದ್ದಕ್ಕೂ ಹಿಂಡಿಗೆ ಹಿಂಡೇ ಅಡಗಿ ನಿಂತಿತ್ತು. ಕೆಳಗೆಲ್ಲೋ ಒಂದು ಕುರಿ ಕೆಮ್ಮಿತು, ಮನುಷ್ಯರು ಕೆಮ್ಮಿದ ಹಾಗೆಯೇ.

ಅವಳು ಮಂಡಿಯೂರಿ ಕೈಯಿಂದಲೇ ಬಗೆದಳು. ತೋಳುದ್ದ ಇಳಿದ ಮೇಲೆ ಒಂದು ಕಪ್ಪು ಮುಖ ಕಂಡಿತು. ಅದು ಕಣ್ಣು ಮಿಟುಕಿಸಿತು. ಇವುಗಳನ್ನು ತೆಗೆಯುತ್ತ ಕೂತರೆ ಇಡೀ ದಿನ ಬೇಕು. ಮನೆಗೆ ಹಿಂದಿರುಗಿ ಸಲಿಕೆ ತಂದರೆ ಇವತ್ತು ಗುಡ್ಡ ದಾಟಲಾಗದು. ನಾಳೆಯವರೆಗೆ ಕ್ವಿಂಟಿನ್ ಇರುತ್ತಾನೆಂದು ಅವಳಿಗೆ ಅನ್ನಿಸಲಿಲ್ಲ. ಅವನಿಗೆ ಪ್ರಜ್ಞೆ ಇದ್ದಿದ್ದರೆ ಏನು ಹೇಳುತ್ತಿದ್ದ ಎಂಬುದೂ ಅವಳಿಗೆ ಗೊತ್ತಿತ್ತು.

ಎದ್ದಳು. "ಬಾರೇ," ಎಂದಳು. ನೆಲ್ ಬರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಟಿಬ್ಬಿ ಆ ನಾಯಿಯನ್ನು ಒದ್ದಳು. ಆಮೇಲೆ ಕೊರಳಿಗೆ ಹಗ್ಗ ಕಟ್ಟಿ, ಅಳುತ್ತ, ದರದರ ಎಳೆದುಕೊಂಡು ಗುಡ್ಡ ಹತ್ತಿದಳು.

ಬಾಗಿಲು ತೆಗೆದ ರಾಬ್ ಹೌಹಾರಿದ. "ಅಯ್ಯೋ ದೇವ್ರೇ, ಟಿಬ್ಬಿ! ನಡ್ಕೊಂಡ್ ಬಂದ್ಯಾ? ತಲೆ ಕೆಟ್ಟಿದ್ಯಾ ನಿಂಗೆ?"

"ಮಾತ್ರೆ. ಜೆಸಿ ಮಾತ್ರೆ. ಕ್ವಿಂಟಿನ್ ಹೋಗ್ತಿದಾನೆ ಕಣೋ."

ಜೆಸಿ ಮಾತ್ರೆ ಹುಡುಕಿ ಕೊಟ್ಟಳು, ಬಾಯಿಗೆ ಬಿಸಿ ಚಹಾ ಹುಯ್ದಳು. ರಾಬ್ ಟಿಬ್ಬಿಯ ಜೊತೆಗೇ ಹೊರಟ. ಹಿಂದಿರುಗುವಾಗ ಗಾಳಿ ಮತ್ತೆ ಎದ್ದು ಹಿಮವನ್ನು ಹಿಟ್ಟಿನಂತೆ ತೂರುತ್ತಿತ್ತು. ಮೇಲಿನ ಪೌಳಿಯ ಕಡೆ ಬಂದಾಗ ತೂತೂ ಇಲ್ಲ, ಅವಳು ಬಗೆದ ಗುರುತೂ ಇಲ್ಲ. ನೆಲ್ ಸುತ್ತು ಹಾಕಿ ಸುಮ್ಮನಾದಳು. ಹೇಳಿದರೆ ರಾಬ್ ಅಲ್ಲೇ ನಿಂತುಬಿಡುತ್ತಾನೆ, ಅವನೂ ಕುರಿ ಕಾಯುವವನೇ. ಟಿಬ್ಬಿ ತುಟಿ ಬಿಚ್ಚಲಿಲ್ಲ.

ಕ್ವಿಂಟಿನ್ ಬದುಕಿಕೊಂಡ. ಜ್ವರ ಇಳಿದ ದಿನ ಅವಳ ಕೈ ಹಿಡಿದು, "ನೀನಿದ್ಯಲ್ಲ," ಎಂದ. ಅವಳ ಪಾಲಿಗೆ ಆ ಚಳಿಗಾಲದ ಒಂದೇ ಒಳ್ಳೆಯ ದಿನ ಅದು. ಹಿಮ ಮಾತ್ರ ಬಿಡಲಿಲ್ಲ. ಮಾರ್ಚ್ ಕಳೆಯುವ ಹೊತ್ತಿಗೆ ಕರಗತೊಡಗಿತು.

ಅವನು ಕೋಲೂರಿಕೊಂಡು, ಮೂರು ಹೆಜ್ಜೆಗೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತ ಮೇಲಿನ ಪೌಳಿಯವರೆಗೆ ಹೋದ. ಅವಳು ಹಿಂದೆಯೇ ಹೋದಳು. ಕುರಿಗಳು ಕಲ್ಲಿಗೆ ಒತ್ತಿಕೊಂಡು ಸಾಲಾಗಿ ಸತ್ತಿದ್ದವು. ಹಸಿವಿಗೆ ಒಂದರ ಮೈಮೇಲಿನ ಉಣ್ಣೆಯನ್ನು ಇನ್ನೊಂದು ಮೇದಿತ್ತು. ಕೆಲವು ಮರಿ ಹಾಕಿದ್ದವು.

ಕ್ವಿಂಟಿನ್ ಒಂದೊಂದರ ಮುಖವನ್ನೂ ತಿರುಗಿಸಿ ನೋಡಿದ. ಕೊನೆಯದನ್ನು ನೋಡಿ ಮುಗಿಸಿ ಕೇಳಿದ: "ನೆಲ್ ಇಲ್ಲಿ ಗುರ್ತು ಹಿಡೀಲಿಲ್ವಾ?"

ಇಲ್ಲ ಎನ್ನಬಹುದಿತ್ತು. ನಾಯಿ ಬಾಯಿಬಿಡುವುದಿಲ್ಲ.

"ಹಿಡಿದ್ಲು," ಎಂದಳು ಟಿಬ್ಬಿ. "ಆಗ ಬದುಕಿದ್ವು. ನಾನು ನಿನ್ ಮಾತ್ರೆಗೆ ಹೋಗ್ತಿದ್ದೆ. ಬಿಟ್ಟು ಹೋದೆ."

"ಬಿಟ್ಟು ಹೋದ್ಯಾ?"

"ಹೂಂ."

"ಇವನ್ನ ತೆಗೀಬೇಕಿತ್ತು ನೀನು. ನಾನು ಹೇಳಿದ್ದೆ."

"ಇವು ಡ್ರಮ್‌ಗೆಲ್ಲಿವು ಕ್ವಿಂಟಿನ್. ನೀನು ನನ್ನೋನು."

ಅವನು ಕೋಲೂರಿ ಹೊರಳಿದ. ಅವಳನ್ನು ದಾಟಿಕೊಂಡು ಇಳಿದು ಹೋದ. ಅಂದಿನಿಂದ ಅವಳ ಮುಖ ನೋಡಿ ಮಾತಾಡುವುದನ್ನೇ ಬಿಟ್ಟ.

ಏಪ್ರಿಲ್‌ನಲ್ಲಿ ಡ್ರಮ್‌ಗೆಲ್ಲಿ ಕುದುರೆಯೇರಿ ಬಂದ. ಕೆಟ್ಟವನಲ್ಲ, ಆದರೆ ಅವರಿದ್ದ ಮನೆ ಕುರಿ ಕಾಯುವ ಕೆಲಸದ ಜೊತೆಗೆ ಸಿಕ್ಕಿದ್ದು. ಕೆಲಸವಿಲ್ಲದಿದ್ದರೆ ಮನೆಯೂ ಇಲ್ಲ.

"ಕ್ವಿಂಟಿನ್‌ಗೆ ಇನ್ ಗುಡ್ಡ ಹತ್ತಕ್ಕಾಗಲ್ಲಮ್ಮ. ಮೇ ತಿಂಗಳಿಗೆ ಬೇರೆಯವರನ್ನ ಹುಡುಕ್ಬೇಕು."

"ನಾನು ಹತ್ತೀನಿ ಧಣಿ."

"ನೀನಾ? ಲಂಗ ಹಾಕ್ಕೊಂಡು ಬಂಡೆ ಹತ್ತೀಯಾ?"

"ಕ್ವಿಂಟಿನ್ ಪ್ಯಾಂಟಿದೆಯಲ್ಲ. ಈಗ ಅವ್ನಿಗೆ ಸಡಿಲ, ನಂಗೆ ಸರಿಹೋಗತ್ತೆ."

ಡ್ರಮ್‌ಗೆಲ್ಲಿಗೆ ನಗು ಬಂತು. ಅರ್ಧ ಹಿಂಡು ಸತ್ತ ಗುಡ್ಡಕ್ಕೆ ಆ ವರ್ಷ ಬೇರೆ ಯಾರೂ ಬರುವಂತಿರಲಿಲ್ಲ ಎಂಬುದೂ ಅವನಿಗೆ ಗೊತ್ತಿತ್ತು. ನವೆಂಬರ್‌ವರೆಗೆ ನೋಡೋಣ ಎಂದ. ನವೆಂಬರ್ ಬಂದಾಗ ಆ ಮಾತೆತ್ತಲಿಲ್ಲ.

ಮೊದಲ ವಸಂತದಲ್ಲಿ ಅವಳು ಪಟ್ಟ ಪಾಡು ಯಾರಿಗೂ ಬೇಡ. ಬದುಕಿದ ಕುರಿಗಳಲ್ಲಿ ಹಾಲಿರಲಿಲ್ಲ. ಎಷ್ಟೋ ತಾಯಿಕುರಿಗಳು ಮರಿಯನ್ನು ಮೂಸಿ ನೋಡಿ ನಡೆದುಬಿಡುತ್ತಿದ್ದವು. ಕಾಗೆಗಳು ಜೀವವಿರುವ ಮರಿಗಳ ಕಣ್ಣಿಗೇ ಎರಗುತ್ತಿದ್ದವು. ಸತ್ತ ಮರಿಯ ಚರ್ಮ ಸುಲಿದು ತಬ್ಬಲಿ ಮರಿಗೆ ಹೊದಿಸಿ, ತನ್ನದೇ ಮರಿಯೆಂದು ಸತ್ತ ಮರಿಯ ತಾಯಿಯನ್ನು ನಂಬಿಸಿ ಮೊಲೆಗೆ ಬಿಡುವುದನ್ನು ಅವಳು ವಾಂತಿ ಮಾಡಿಕೊಳ್ಳುತ್ತ ಕಲಿತಳು. ಕ್ವಿಂಟಿನ್ ಕಿಟಕಿಯ ಬಳಿ ಕೂತು ದುರ್ಬೀನಿನಲ್ಲಿ ನೋಡುತ್ತಿದ್ದ. ಸಂಜೆ ಅವಳು ಬಂದರೆ ಒಲೆಯ ಕಡೆ ನೋಡುತ್ತ, "ಆ ಕೊಂಬು ಮುರಿದದ್ದು ಜೌಗಿಗೆ ಇಳಿದಿದೆ," ಎನ್ನುತ್ತಿದ್ದ. ಅವರಿಬ್ಬರ ನಡುವೆ ಉಳಿದ ಮಾತು ಅಷ್ಟೇ. ಒಮ್ಮೆ ಅವಳು ತಡೆಯಲಾರದೆ, "ಬೈದಾದ್ರೂ ಬಿಡೋ!" ಎಂದು ಕೂಗಿದಳು. ಅವನು ಬೈಯಲಿಲ್ಲ.

ಹಾಗೆಯೇ ಎಷ್ಟೋ ವರ್ಷ ನಡೆಯಿತು. ಹಿಂಡು ಮತ್ತೆ ತುಂಬಿಕೊಂಡಿತು, ಅವನ ಎದೆ ಮಾತ್ರ ಕುಸಿಯುತ್ತಲೇ ಹೋಯಿತು. ಒಂದು ಏಪ್ರಿಲ್‌ನಲ್ಲಿ, ಕುರಿಗಳು ಈಯುವ ಕಾಲಕ್ಕೆ, ಅವನು ಮತ್ತೆ ಹಾಸಿಗೆ ಹಿಡಿದ. ರಾಬ್ ಬಂದು ಪಕ್ಕದಲ್ಲಿ ಕೂತ. ಮಧ್ಯಾಹ್ನ ಟಿಬ್ಬಿ ಎದುರಿನ ಇಳಿಜಾರಿನಲ್ಲಿ ಒಂದು ಕುರಿಯ ಹೊಟ್ಟೆಯಿಂದ ಅಡ್ಡ ತಿರುಗಿದ ಮರಿಯನ್ನು ಎಳೆಯುತ್ತಿದ್ದಾಗ ರಾಬ್ ಟೋಪಿ ಕೈಯಲ್ಲಿ ಹಿಡಿದು ಹತ್ತಿ ಬರುವುದು ಕಂಡಿತು. ಅವಳು ಎದ್ದಳು.

"ಪ್ರಾಣ ಹೋಗೋ ಮುಂಚೆ ಏನಾದ್ರೂ ಹೇಳಿದ್ನಾ?"

ರಾಬ್‌ಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. "ಇಲ್ಲ ಕಣೇ. ಮಂಚಾನ ಕಿಟಕಿ ಕಡೆ ತಿರುಗ್ಸು ಅಂದ. ತಿರುಗ್ಸಿದೆ. ಅಷ್ಟೇ."

"ಅಲ್ಲಿಂದ ನಾನು ಕಾಣ್ತಿದ್ನಾ?"

"ಚೆನ್ನಾಗಿ ಕಾಣ್ತಿದ್ದೆ."

ಅವಳು ಮೊಣಕೈವರೆಗೆ ರಕ್ತ ಮೆತ್ತಿದ ತೋಳುಗಳನ್ನು ಹುಲ್ಲಿಗೆ ಒರೆಸಿಕೊಂಡಳು. "ನೀನು ಈ ಮರಿ ತೆಗಿ ರಾಬ್," ಎಂದು ಹೇಳಿ ಮನೆಯ ಕಡೆ ಇಳಿಯತೊಡಗಿದಳು. ಮೊದಲು ನಡೆದಳು, ಆಮೇಲೆ ಓಡಿದಳು.