ಒತ್ತಬಾರದ ಕಾಲು

ನಮ್ಮ ಯಜಮಾನರು ಕಲ್ಕತ್ತಾದಿಂದ ಮದ್ರಾಸಿಗೆ ಲಾರಿ ಓಡಿಸುತ್ತಿದ್ದರು. ಟ್ರಿಪ್ಪು ಮುಗಿಸಿ ಕಲ್ಕತ್ತಾದ ಡಮ್ ಡಮ್ ಬಡಾವಣೆಯ ಮನೆಗೆ ಬಂದರೆ ಮೊದಲು ಚಾಪೆಯ ಮೇಲೆ ಕಾಲು ಚಾಚುವುದು. ಅತ್ತೆ ತೆಂಗಿನೆಣ್ಣೆಗೆ ಕರ್ಪೂರ ಹಾಕಿ ಬಿಸಿ ಮಾಡಿ ಕೊಡುತ್ತಿದ್ದರು, ನಾನು ತಿಕ್ಕುತ್ತಿದ್ದೆ. ದಿನಗಟ್ಟಲೆ ಮಡಚಿ ಕೂತ ಕಾಲುಗಳು ಮರದ ಕೊರಡಿನ ಹಾಗಿರುತ್ತಿದ್ದವು. ಎಣ್ಣೆ ತಿಕ್ಕಿ ಬಿಸಿನೀರು ಹೊಯ್ದ ಮೇಲೆಯೇ ಅವರಿಗೆ ಮನೆ ಸೇರಿದ ಹಾಗೆ.

ಆ ವರ್ಷ ನಮ್ಮ ಬೀದಿಯಲ್ಲಿ ದುರ್ಗಾಪೂಜೆಯ ಚಪ್ಪರಕ್ಕೆ ಬಿದಿರು ಇಳಿಸುತ್ತಿದ್ದರು. ಯಜಮಾನರು ಬಾಗಿಲು ಹಿಡಿದುಕೊಂಡು ಒಳಗೆ ಬಂದರು. ಕೂತು ಲುಂಗಿ ಎತ್ತಿದರು. ಎಡಗಾಲಿನ ಮೀನಖಂಡ ಊದಿ ಹೊಳೆಯುತ್ತಿತ್ತು. ಮೊಣಕಾಲಿನ ಮೇಲೆ ಹೆಗಲಿನ ಬೈರಾಸು ಬಟ್ಟೆಯನ್ನೇ ಬಿಗಿದು ಕಟ್ಟಿಕೊಂಡಿದ್ದರು.

“ಇದೆಂತ ಮಾರಾಯ್ರೆ?”

“ನೋವು ಮೇಲೆ ಹತ್ತುವುದು ಬೇಡ ಅಂತ ಕಟ್ಟಿದ್ದು. ಒರಿಸ್ಸಾದಿಂದ ಹೀಗೇ ಬಂದೆ.”

“ಹಾವು ಕಚ್ಚಿದ್ದಾ ನಿಮಗೆ? ಬುದ್ಧಿ ಎಲ್ಲಿಟ್ಟು ಬಂದಿರಿ?” ಹೆದರಿದರೆ ನನ್ನ ಬಾಯಿಗೆ ಮೊದಲು ಬರುವುದು ಬೈಗುಳ. ಬೈಯುತ್ತಲೇ ಗಂಟು ಬಿಚ್ಚಿದೆ.

ಅತ್ತೆ ಆಗಲೇ ಎಣ್ಣೆಯ ಬಟ್ಟಲು ತಂದಿಟ್ಟರು. “ಗಟ್ಟಿ ತಿಕ್ಕು, ರಕ್ತ ಇಳಿಯಲಿ.” ಬೆರಳು ತಾಗಿಸಿದ್ದೇ ಯಜಮಾನರು ಚೀರಿದರು. ಲಾರಿಯ ಲೋಡಿನ ಕೆಳಗೆ ಬೆರಳು ಸಿಕ್ಕಿದಾಗಲೂ ತುಟಿ ಬಿಚ್ಚದ ಮನುಷ್ಯ ಅವರು. ನಾನು ಬಟ್ಟಲು ಬಿಟ್ಟು ಬೀದಿ ತುದಿಯ ಡಾಕ್ಟರ್ ಬಾಬುವನ್ನು ಕರೆತರಲು ಓಡಿದೆ.

ಡಾಕ್ಟರು ಕಾಲನ್ನು ನೋಡಿ, ಆಮೇಲೆ ಎಣ್ಣೆಯನ್ನು ನೋಡಿದರು. “ತಿಕ್ಕಿದಿರಾ?” ಎಂದು ಹಿಂದಿಯಲ್ಲಿ ಕೇಳಿದರು. ಇಲ್ಲವೆಂದೆ. “ತಿಕ್ಕಬೇಡಿ, ಒತ್ತಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿದ ಹಾಗಿದೆ. ಅದರ ತುಂಡು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ.” ದಾರಿಯಲ್ಲಿ ನೀರು ಕುಡಿಯುತ್ತೀರಾ ಎಂದು ಯಜಮಾನರನ್ನು ಕೇಳಿದರು. “ಕುಡಿದರೆ ಪದೇ ಪದೇ ಲಾರಿ ನಿಲ್ಲಿಸಿ ಇಳಿಯಬೇಕಲ್ಲ” ಎಂದರು ಇವರು. ನೀರಿಲ್ಲದೆ ಕಾಲು ಮಡಚಿಯೇ ಕೂತರೆ ರಕ್ತ ಹೆಪ್ಪುಗಟ್ಟದೆ ಇನ್ನೇನು ಎಂದರು ಡಾಕ್ಟರು.

ಅವರೇ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಕಾಲನ್ನು ದಿಂಬಿನ ಮೇಲೆ ಎತ್ತಿಟ್ಟು, ಹೆಪ್ಪು ಬೆಳೆಯದಿರಲೆಂದು ಸೂಜಿ ಮೇಲೆ ಸೂಜಿ ಚುಚ್ಚಿದರು. ಅಲ್ಲಾಡಬಾರದು. ಅವರು ಕೆಮ್ಮಿದರೆ ಸಾಕು, ತುಂಡು ಎದೆಗೆ ಹೊರಟಿತೆಂದೇ ನನಗೆ ಜೀವ ಬಾಯಿಗೆ ಬರುತ್ತಿತ್ತು. ಅತ್ತೆಗೆ ಮಾತ್ರ ಡಾಕ್ಟರ ಮಾತು ತಲೆಗೆ ಹೋಗಲಿಲ್ಲ. ಒಂದು ಸಂಜೆ ಸೆರಗಿನಡಿಯಿಂದ ಎಣ್ಣೆಯ ಸೀಸೆ ತೆಗೆದರು. ನಾನು ಕಸಿದುಕೊಂಡೆ.

“ಎಣ್ಣೆ ಹಚ್ಚಿ ಸತ್ತವರನ್ನು ನಾನು ಕಂಡಿಲ್ಲ” ಎಂದರು ಅತ್ತೆ.

“ನನಗೆ ಕಾಣುವುದು ಬೇಡ ಅತ್ತೆ” ಎಂದೆ. ಅತ್ತೆಗೆ ನಾನು ಎದುರು ಮಾತಾಡಿದ್ದು ಅದೇ ಮೊದಲು. ಅವರು ಮುಖ ತಿರುಗಿಸಿ ಹೊರಗೆ ಹೋದರು.

ಯಜಮಾನರು ನೋವು ತಾಳಲಾರದೆ ಗೋಗರೆದರು. “ಸ್ವಲ್ಪ ಒತ್ತು ಮಾರಾಯ್ತಿ. ಅಮ್ಮ ಬೇಡ, ನೀನೇ ಒತ್ತು.” ಆಗದೆಂದೆ. “ಕಟುಕಿ ನೀನು. ಗಂಡ ಸತ್ತರೂ ಕೂತು ನೋಡ್ತಿ.” ಪಕ್ಕದ ಮಂಚದವರಿಗೆ ಕನ್ನಡ ತಿಳಿಯದಿದ್ದರೂ ಎಲ್ಲರೂ ನನ್ನನ್ನೇ ನೋಡಿದರು. ಮನಸ್ಸು ಸೋತು ಎಲ್ಲಿ ಒತ್ತಿಬಿಡುತ್ತೇನೋ ಎಂದು ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತೆ. ಅತ್ತೆಯದೇ ಸರಿಯಾಗಿದ್ದರೆ? ಇಷ್ಟು ನೋವನ್ನು ಇವರಿಗೆ ಉಣಿಸುತ್ತಿರುವವಳು ನಾನೇ ಆಗಿದ್ದರೆ? ಆ ಹೆದರಿಕೆಯೂ ಇತ್ತು.

ಬಾವು ನಿಧಾನವಾಗಿ ಇಳಿಯಿತು. ಮನೆಗೆ ಬಂದರು. ಮದ್ರಾಸು ರಸ್ತೆ ಮುಗಿಯಿತು, ಗಾರ್ಡನ್ ರೀಚ್ ಬಂದರಿನ ಒಂದು ಗೋದಾಮಿನಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿತು. ಕೆಲವು ತಿಂಗಳ ಮೇಲೆ ಡಾಕ್ಟರ್ ಬಾಬು ಕಾಲನ್ನು ಪರೀಕ್ಷಿಸಿ, ಇನ್ನು ಎಣ್ಣೆ ಹಚ್ಚಬಹುದು, ಭಯವಿಲ್ಲ ಎಂದರು. ಆ ಭಾನುವಾರ ಅತ್ತೆ ಎಣ್ಣೆ ಬಿಸಿ ಮಾಡಿದರು. ನಾನು ಚಾಪೆಯ ಹತ್ತಿರ ಕೂತು ಕೈ ಚಾಚಿದೆ.

ಯಜಮಾನರು ಫಕ್ಕನೆ ಕಾಲು ಎಳೆದುಕೊಂಡರು. “ಬೇಡ” ಎಂದರು. ಮುಖದಲ್ಲಿ ರಕ್ತವೇ ಇರಲಿಲ್ಲ. “ಆ ತುಂಡು ಇನ್ನೂ ಒಳಗಿದ್ದರೆ? ನನಗೆ ಹೆದರಿಕೆ ಆಗ್ತದೆ.”